ಟ್ಯಾಂಕಿನ ಮೇಲೊಂದು ದೀಕ್ಷೆ

(ಊರ ಓವರ್‌ಹೆಡ್ ಟ್ಯಾಂಕು. ಏಣಿಯ ತುದಿಯಲ್ಲಿ ಮೇಷ್ಟ್ರು. ಒಂದು ಕೈಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು. ಕೆಳಗೆ ಕುರಿಗಳ ಜೊತೆ ತಿಮ್ಮಣ್ಣ.)

ತಿಮ್ಮಣ್ಣ: ಯಾಕ್ ಮೇಷ್ಟ್ರೇ, ಇವತ್ತೂ ನೀರು ಬಂದಿಲ್ವಾ?

ಮೇಷ್ಟ್ರು: ನೀರಲ್ಲಪ್ಪ, ಸಿಗ್ನಲ್ಲು. ತರಗತೀಲಿ ಇಂಟರ್ನೆಟ್ ಬಳಸೋದು ಹೇಗೆ ಅಂತ ಆನ್‌ಲೈನ್ ತರಬೇತಿ.

ತಿಮ್ಮಣ್ಣ: ಹಂಗಾರೆ ನಾಳೆಯಿಂದ ಮಕ್ಳೂ ಏಣಿ ಹತ್ಬೇಕಾ? ಅಲ್ಲಾ, ಮಗಳ ಪುಸ್ತಕದಾಗೆ ಇರುವೆ ಮುತ್ತಿದಂಗೆ ಒಂದು ಚೌಕ ಐತಲ್ಲ, ಏನದು?

ಮೇಷ್ಟ್ರು: ಕ್ಯೂಆರ್ ಕೋಡು. ಫೋನ್ ಹಿಡಿದ್ರೆ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುತ್ತೆ. 2017ರಲ್ಲೇ ಬಂತು ದೀಕ್ಷಾ.

ತಿಮ್ಮಣ್ಣ: ದೀಕ್ಷೆ ತಗಂಡೋರು ಊರು ಬಿಟ್ಟು ಎತ್ತರಕ್ಕೆ ಹೋಗೋದು ಮೊದ್ಲಿಂದ್ಲೂ ಇದ್ದದ್ದೇ. ತೆರೀತಾ?

ಮೇಷ್ಟ್ರು: ಸುತ್ತುತ್ತಾ ಇದೆ.

ತಿಮ್ಮಣ್ಣ: ಗಾಣದ ಎತ್ತೂ ಸುತ್ತೋದು. ಎಣ್ಣೆನಾದ್ರೂ ಬತ್ತಿತ್ತು.

ಮೇಷ್ಟ್ರು: 2019ರಲ್ಲಿ ನಿಷ್ಠಾ ತರಬೇತಿ ಶುರುವಾಯ್ತು. ಮರುವರ್ಷ ಕೊರೊನಾ ಬಂತು, ಅದೂ ಆನ್‌ಲೈನ್ ಆಯ್ತು.

ತಿಮ್ಮಣ್ಣ: ದೀಕ್ಷೆ ಮೊದ್ಲು, ನಿಷ್ಠೆ ಆಮೇಲಾ! ಇರ್ಲಿ ಬಿಡಿ.

ಮೇಷ್ಟ್ರು: ಛೆ! ಸರ್ವರ್ ಬಿಜಿಯಂತೆ.

ತಿಮ್ಮಣ್ಣ: ಪಾಪ, ಊಟದ ಹೊತ್ತಲ್ವಾ, ಬಡಿಸ್ತಾ ಇರ್ತಾನೆ.

ಮೇಷ್ಟ್ರು: ವಿಡಿಯೊ ಪೂರ್ತಿ ಓಡಿದ್ರೇ ಸರ್ಟಿಫಿಕೇಟು. ಅದರ ಎರಡು ಜೆರಾಕ್ಸು ಆಫೀಸಿಗೆ ಕೊಡ್ಬೇಕು.

ತಿಮ್ಮಣ್ಣ: ಅಲ್ಲೀಗಂಟ ಕ್ಲಾಸ್‌ನಾಗೆ ಯಾರವ್ರೆ?

ಮೇಷ್ಟ್ರು: ಐದನೇ ಕ್ಲಾಸಿನ ಗೌರಿ ಮಗ್ಗಿ ಹೇಳಿಸ್ತಿದ್ದಾಳೆ.

ತಿಮ್ಮಣ್ಣ: ಕೇಳ್ತಾ ಐತೆ. ‘ಹದಿಮೂರೊಂಬತ್ಲೆ ನೂರ ಹದಿನೇಳು!’ ಇಲ್ಲೀಗಂಟ ಬಂತು ನೋಡಿ, ಒಂದ್ಸಲಾನೂ ಸುತ್ತಲಿಲ್ಲ. ಯಾವ ತರಬೇತಿ ಆಗೈತೆ ಆ ಕೂಸಿಗೆ?

ಮೇಷ್ಟ್ರು: ಶ್! ಮೈಕ್ ಆನ್ ಇದೆ.