ಗ್ವಾಡಿ ಹೋತು, ಗೆರಿ ಉಳೀತು

ಬೆಂಗಳೂರಿನಲ್ಲಿ ಕೂತ ಅಣ್ಣನ ಮಗನೋ ಅಕ್ಕನ ಮಗನೋ ಊರಮನೆಯ ನಕ್ಷೆ ಹಾಕಿಕೊಡುತ್ತೇನೆ ಅಂದನೋ, ಚಿಕ್ಕೇರೂರಿನ ಆ ಮನೆಗೆ ಶನಿ ಹೆಗಲೇರಿದ ಅಂತಲೇ ತಿಳಿಯಿರಿ. ನಕ್ಷೆಯ ತಂತ್ರಾಂಶ ಒಬ್ಬೊಬ್ಬರದು ಒಂದೊಂದು. ಹುಡುಗ ಕಟ್ಟುವುದು ರೆವಿಟ್‌ನಲ್ಲಿ. ಹಿರೇಕೆರೂರಿನ ಎಂಜಿನಿಯರರಲ್ಲಿ ಇರುವುದು ಆಟೋಕ್ಯಾಡ್. ಬಣ್ಣ ಬಳಿದು ತ್ರೀಡಿ ಚಿತ್ರ ಮಾಡುವವನದು ಸ್ಕೆಚಪ್. ಮೂವರೂ ಕೂತು ಚಹಾ ಕುಡಿದಾರು, ಅವರ ಫೈಲುಗಳು ಮಾತ್ರ ಒಂದರ ಮುಖ ಒಂದು ನೆಟ್ಟಗೆ ನೋಡವು.

"ಸಾಹೇಬ್ರ, ಮನಿ ಓಪನ್ ಆತೇನ್ರೀ?"

"ಇಲ್ರೀ ಯಜಮಾನ್ರ, ಡಿಎಕ್ಸ್‌ಎಫ್ ಮಾಡಿ ಕಳಸಂತ ಹೇಳ್ರಿ."

ರೆವಿಟ್ ಇದ್ದವರಿಗೂ ಸುಖವಿಲ್ಲ. ಈ ವರ್ಷದ ಫೈಲನ್ನು ಹೋದ ವರ್ಷದ ರೆವಿಟ್ ತೆರೆಯುವುದಿಲ್ಲ, ಹಳೆಯದಕ್ಕೆ ಇಳಿಸಿ ಉಳಿಸುವ ದಾರಿಯೂ ಇಲ್ಲ. ಒಡಹುಟ್ಟಿದವರ ಜಗಳವೇ ಹೀಗಿದ್ದ ಮೇಲೆ ನೆರೆಯವರ ಮಾತೇನು! ಡಿಎಕ್ಸ್‌ಎಫ್ ಎಂಬ ಫೈಲು ರೂಪ ಪಾಪ, 1982ರಲ್ಲಿ ಆಟೋಕ್ಯಾಡ್ ಜೊತೆ ಬಂದ ಹಿರಿಯ, ಕರೆದವರ ಮನೆಗೆಲ್ಲ ಹೋಗುತ್ತಾನೆ. ಆದರೆ ಹೊರಟಾಗ ಇದ್ದ ಗಂಟು ಮುಟ್ಟುವಾಗ ಇರುವುದಿಲ್ಲ. ರೆವಿಟ್‌ನಲ್ಲಿ ಗೋಡೆಗೆ ತಾನು ಗೋಡೆ ಅಂತ ಗೊತ್ತು: ದಪ್ಪ ಎಷ್ಟು, ಇಟ್ಟಿಗೆಯದೋ ಕಲ್ಲಿನದೋ, ಹೊಟ್ಟೆಯೊಳಗೆ ಕಿಟಕಿ ಎಲ್ಲಿ. ಸರಿಸಿದರೆ ಕಿಟಕಿಯೂ ಹಿಂದೆಯೇ ಸರಿಯುತ್ತದೆ. ಈ ಹಿರಿಯನ ಜೊತೆ ಈಚೆ ಬಂದಿತೋ, ಬರೀ ಗೆರೆ. ಗೋಡೆ ಸರಿಸಿ ನೋಡಿ, ಕಿಟಕಿ ಇದ್ದಲ್ಲೇ ಗಾಳಿಯಲ್ಲಿ ತೂಗುತ್ತಿರುತ್ತದೆ.

ಓಬಿಜೆ, ಎಸ್‌ಟಿಎಲ್ ಅನ್ನುವ ತ್ರೀಡಿ ಫೈಲು ಮಹಾನುಭಾವರದು ಇನ್ನೊಂದು ತರಹ. ಲೆಕ್ಕ ಹೇಳುತ್ತಾರೆ, ಮಾನ ಹೇಳುವುದಿಲ್ಲ. ಹನ್ನೆರಡು ಮೀಟರ್ ಉದ್ದದ ಮನೆ ಮಿಲಿಮೀಟರಿನಲ್ಲಿ 12000. ಆಚೆಯವನು ಅದನ್ನು ಮೀಟರ್ ಅಂತ ಓದಿದನೋ, ಮುಂಬಾಗಿಲು ಚಿಕ್ಕೇರೂರಿನಲ್ಲಿ, ಹಿತ್ತಲ ಬಾಗಿಲು ಹನ್ನೆರಡು ಕಿಲೋಮೀಟರ್ ಆಚೆ! ಮೇಲೆ ಯಾವುದು, ಪಕ್ಕ ಯಾವುದು ಅಂತ ಕಳಿಸಿದವನಿಗೂ ತೆರೆದವನಿಗೂ ಒಮ್ಮತ ಬರದಿದ್ದರೆ ಮನೆ ಅಂಗಾತ ಮಲಗಿಯೂಬಿಡುತ್ತದೆ. ಸ್ಕೆಚಪ್‌ಗೆ ದುಂಡನೆ ಕಂಬ ಎಂದರೆ, ನೀವು ಬೇರೆ ಹೇಳದಿದ್ದರೆ, ಇಪ್ಪತ್ನಾಲ್ಕು ಮುಖದ ಕಂಬ. ನಮ್ಮ ಸೀಮೆಯ ಚಾಲುಕ್ಯರ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಣಿಗೆ ಕೊಟ್ಟು ನುಣ್ಣಗೆ ಕಡೆದವರು ಇದನ್ನು ಕಂಡಿದ್ದರೆ ಉಳಿ ಎಸೆದು ನಗುತ್ತಿದ್ದರು.

ಇದು ಹಳ್ಳಿಯ ಹಣೆಬರಹ ಅಂದುಕೊಳ್ಳಬೇಡಿ. ಎ380 ವಿಮಾನ ಕಟ್ಟುವಾಗ ಜರ್ಮನಿಯವರು ಕಟಿಯಾ ಎಂಬ ನಕ್ಷೆ ತಂತ್ರಾಂಶದ ಹಳೆಯ ಆವೃತ್ತಿ, ಫ್ರಾನ್ಸಿನವರು ಹೊಸದು ಹಿಡಿದು ಕೂತಿದ್ದರು. ಹ್ಯಾಂಬರ್ಗಿನಿಂದ ಬಂದ ವೈರು ಟುಲೂಸ್‌ನಲ್ಲಿ ಕೂರಲೇ ಇಲ್ಲ. ವಿಮಾನ ವರ್ಷಗಟ್ಟಲೆ ತಡವಾಯಿತು. ಅಮೆರಿಕದ ಕಟ್ಟಡ ಲೋಕಕ್ಕೆ ಇಂಥ ಹೊಂದಾಣಿಕೆಯ ಕೊರತೆಯಿಂದ ವರ್ಷಕ್ಕೆ 1580 ಕೋಟಿ ಡಾಲರ್ ಪೋಲು ಅಂತ ಅಲ್ಲಿನ ಸರ್ಕಾರಿ ಸಂಸ್ಥೆ ನಿಸ್ಟ್ 2004ರಲ್ಲೇ ಲೆಕ್ಕ ಹಾಕಿತ್ತು.

ಮದ್ದು ಇಲ್ಲವೆಂದಲ್ಲ. ಐಎಫ್‌ಸಿ ಅಂತ ಒಂದು ಫೈಲು ರೂಪವಿದೆ, 2013ರಲ್ಲಿ ಐಎಸ್‌ಒ 16739 ಎಂಬ ಮುದ್ರೆಯೂ ಬಿತ್ತು. ಅದರಲ್ಲಿ ಗೋಡೆ ಗೋಡೆಯಾಗಿಯೇ, ಬಾಗಿಲು ಬಾಗಿಲಾಗಿಯೇ ಆಚೆ ದಾಟುತ್ತವೆ. ಮುಟ್ಟಿದ ಮೇಲೆ ತಿದ್ದಹೋದರೆ ಮಾತ್ರ ಸ್ವಲ್ಪ ಬಿಗುಮಾನ. ನಾನು ಕೇಳಿದರೆ ಇದನ್ನೇ ಕಳಿಸು ಅನ್ನುತ್ತೇನೆ. ಕೇಳುವವರು ಯಾರು?

ಕಡೆಗೆ ಎಲ್ಲ ರೂಪ ತಾಳಿದ ಮನೆ ಪಿಡಿಎಫ್ ಆಗಿ ಗೌಂಡಿಯ ವಾಟ್ಸಾಪಿಗೆ ಬಂದು ಬೀಳುತ್ತದೆ. ಆತ ಎರಡು ಬೆರಳಲ್ಲಿ ಹಿಗ್ಗಿಸಿ, ಕುಗ್ಗಿಸಿ, ಫೋನನ್ನೇ ಅಡ್ಡ ತಿರುಗಿಸಿ ನೋಡುತ್ತಾನೆ.

"ಚಲೋ ಐತ್ರೀ ಯಜಮಾನ್ರ, ಸಿನಿಮಾದಾಗಿನ ಮನಿ ಆಗೇತಿ. ಪಾಯಾ ಎಷ್ಟ ಆಳ ತಗೀಲಿ ಅಂತ ಎಲ್ಲೈತ್ರೀ ಇದರಾಗ?"