ಸುತ್ತದ ಚೆಂಡಿನ ಸಂಸಾರ

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್. ಅಲ್ಲಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಎಸೆಯುವ ಭೀಮಬಾಹುಗಳಿಗೇ ಮರ್ಯಾದೆ. ನನಗೆ ಹಿಡಿಸಿದವನು ಮಾತ್ರ ಟಿಮ್ ವೇಕ್‌ಫೀಲ್ಡ್. ಅವನ ಚೆಂಡು ಹೆಚ್ಚಾಗಿ 105ರ ಆಸುಪಾಸಿನಲ್ಲೇ ತೆವಳುತ್ತಿತ್ತು. ಎರಡು ಬೆರಳಿನ ಉಗುರನ್ನು ಚೆಂಡಿನ ಚರ್ಮಕ್ಕೆ ಊರಿ, ಮಣಿಕಟ್ಟು ಕೊಂಕಿಸದೆ, ತಳ್ಳಿದ ಹಾಗೆ ಬಿಡುವುದು. ನಕಲ್‌ಬಾಲ್ ಅಂದರೆ ಇಷ್ಟೇ. ಹೀಗೆ ಬಿಟ್ಟ ಚೆಂಡು ಸುತ್ತುವುದಿಲ್ಲ. ಸುತ್ತದ ಚೆಂಡಿನ ಹೊಲಿಗೆಗೆ ಗಾಳಿ ಒಂದೊಂದು ಕಡೆ ಒಂದೊಂದು ಥರ ಬಡಿದು, ಊಟದೆಲೆಯ ಮೇಲಿನ ನೊಣದಂತೆ ಅದು ಅತ್ತ ಹೋದ ಹಾಗೆ ಮಾಡಿ ಇತ್ತ ಬರುತ್ತದೆ. ಎಲ್ಲಿಗೆ ಹೋದೀತೆಂದು ಎಸೆದವನಿಗೂ ಗೊತ್ತಿರುವುದಿಲ್ಲ.

ಪುಣ್ಯಾತ್ಮ ಪಿಚರ್ ಆಗಲೆಂದು ಬಂದವನೇ ಅಲ್ಲ. 1988ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಅವನನ್ನು ಆರಿಸಿಕೊಂಡದ್ದು ಫಸ್ಟ್ ಬೇಸ್ ಕಾಯಲಿಕ್ಕೆ, ಬ್ಯಾಟು ಬೀಸಲಿಕ್ಕೆ. ಬ್ಯಾಟಿಗೂ ಚೆಂಡಿಗೂ ಮಾತುಕತೆಯಿರಲಿಲ್ಲ. ಕಿರಿಯ ಲೀಗಿನಲ್ಲೇ ಗಂಟುಮೂಟೆ ಕಟ್ಟುವ ಹೊತ್ತಿಗೆ, ತಮಾಷೆಗೆ ಎಸೆಯುತ್ತಿದ್ದ ಈ ಚೆಂಡು ಕೈಹಿಡಿಯಿತು. 1992ರಲ್ಲಿ ದೊಡ್ಡ ಲೀಗಿಗೆ ಬಂದು ಎಂಟು ಗೆದ್ದ, ಒಂದು ಸೋತ. ಮರುವರ್ಷವೇ ಚೆಂಡು ಮುನಿಸಿಕೊಂಡಿತು. 1995ರಲ್ಲಿ ಪೈರೇಟ್ಸ್ ಕೈಬಿಟ್ಟಾಗ ಬಾಸ್ಟನ್ ರೆಡ್ ಸಾಕ್ಸ್ ಕರೆದುಕೊಂಡಿತು. ಇದೇ ವಿದ್ಯೆಯ ಹಿರಿಯರಾದ ಫಿಲ್ ಮತ್ತು ಜೋ ನೀಕ್ರೊ ಸಹೋದರರು ತಿದ್ದಿ ಕಳಿಸಿದರು. ಆ ವರ್ಷ 16 ಗೆಲುವು. ಆಮೇಲೆ ನಿವೃತ್ತಿಯವರೆಗೂ ಬಾಸ್ಟನ್ ಬಿಟ್ಟು ಕದಲಲಿಲ್ಲ.

ನನ್ನ ಮರುಕವೆಲ್ಲ ಎದುರಿಗೆ ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಮೇಲೆ. ಡಗ್ ಮಿರಾಬೆಲಿ ದೊಡ್ಡ ಗ್ಲೋವು ತೊಟ್ಟು ಹೇಗೋ ಸಂಭಾಳಿಸುತ್ತಿದ್ದ. ಅವನನ್ನು 2005ರ ಕೊನೆಗೆ ಸ್ಯಾನ್ ಡಿಯೇಗೊಗೆ ದಾಟಿಸಿದರು. ಅವನ ಜಾಗಕ್ಕೆ ಬಂದ ಜಾಶ್ ಬಾರ್ಡ್ ಮೊದಲ ತಿಂಗಳಲ್ಲೇ ಹತ್ತು ಚೆಂಡು ಬಿಟ್ಟ. ಬಾಸ್ಟನ್ನಿನವರಿಗೆ ಬುದ್ಧಿ ಬಂತು. 2006ರ ಮೇ 1ರಂದು ಮಿರಾಬೆಲಿಯನ್ನು ವಾಪಸು ಕೊಂಡು, ವಿಮಾನ ಹತ್ತಿಸಿ, ಪೊಲೀಸ್ ಬೆಂಗಾವಲಿನಲ್ಲಿ ಫೆನ್‌ವೇ ಮೈದಾನಕ್ಕೆ ತಂದರು. ಆಸಾಮಿ ಬಟ್ಟೆ ಬದಲಾಯಿಸಿದ್ದೂ ಕಾರಿನಲ್ಲೇ. ನಮ್ಮ ಮಂತ್ರಿಗಳಿಗೂ ಸೈರನ್ ಉಂಟು. ಆದರೆ ಅವರು ಇಳಿದ ಮೇಲೆ ಏನನ್ನೂ ಹಿಡಿಯಬೇಕಾಗಿಲ್ಲ.

ಚೆಂಡು ಓಲಾಡದೆ ನೆಟ್ಟಗೆ ಹೋದರಂತೂ ಅನಾಹುತವೇ. 2003ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರಿನ ನಿರ್ಣಾಯಕ ಪಂದ್ಯದ 11ನೆಯ ಇನಿಂಗ್ಸ್, ವೇಕ್‌ಫೀಲ್ಡ್‌ನ ಮೊದಲ ಚೆಂಡು: ಏರನ್ ಬೂನ್ ಅದನ್ನು ಗ್ಯಾಲರಿಗೆ ಅಟ್ಟಿದ, ಬಾಸ್ಟನ್ನಿನ ವರ್ಷ ಮುಗಿಯಿತು. ಮರುವರ್ಷ ಮತ್ತೆ ಯಾಂಕೀಸ್, ಸರಣಿಯ ಐದನೆಯ ಪಂದ್ಯ. ಅಂದು ಕ್ಯಾಚರ್ ಜೇಸನ್ ವ್ಯಾರಿಟೆಕ್. 13ನೆಯ ಇನಿಂಗ್ಸ್ ಒಂದರಲ್ಲೇ ಮೂರು ಸಲ ಚೆಂಡು ಅವನ ಕೈಜಾರಿತು. ಸೋತರೆ ಮನೆಗೆ. ಆದರೂ ವೇಕ್‌ಫೀಲ್ಡ್ ಎಸೆದದ್ದು ಅದೇ ಹಾಳು ಚೆಂಡನ್ನೇ. ಇನ್ನೇನಿತ್ತು ಅವನ ಹತ್ತಿರ? ಯಾಂಕೀಸ್‌ನ ರೂಬೆನ್ ಸಿಯೆರಾ ಗಾಳಿಗೆ ಬ್ಯಾಟು ಬೀಸಿ ಔಟಾದ. 14ನೆಯದರಲ್ಲಿ ಬಾಸ್ಟನ್ ಗೆದ್ದಿತು, ಮುಂದೆ ವರ್ಲ್ಡ್ ಸೀರೀಸನ್ನೂ ಗೆದ್ದಿತು. 1918ರ ಬಳಿಕ ಅದೇ ಮೊದಲು.

ಗೆಲುವು ಬೀಳುವುದು ಪಿಚರ್ ಖಾತೆಗೆ. ವೇಕ್‌ಫೀಲ್ಡ್‌ನ 199ನೆಯದು 2011ರ ಜುಲೈಯಲ್ಲಿ ಬಂದು, ಮುಂದಿನದಕ್ಕೆ ಸತಾಯಿಸಿತು. ಸೆಪ್ಟೆಂಬರ್ 13ಕ್ಕೆ, ನಲವತ್ತೈದು ದಾಟಿದ ಮೇಲೆ, 200 ತುಂಬಿತು. ಕೈಜಾರಿದ ಚೆಂಡಿಗೂ ಬೇಸ್‌ಬಾಲ್‌ನಲ್ಲಿ ಲೆಕ್ಕವಿದೆ, ಪಾಸ್ಡ್ ಬಾಲ್ ಅಂತ. ಅದನ್ನು ಬರೆಯುವುದು ಕ್ಯಾಚರ್ ಹೆಸರಿಗೆ.