ಚೇತರಿಕಾಭಿನಯ ಮೀಮಾಂಸೆ

ನಾಟ್ಯಶಾಸ್ತ್ರದಲ್ಲಿ ಭರತಮುನಿ 33 ವ್ಯಭಿಚಾರಿಭಾವಗಳನ್ನು ಪಟ್ಟಿ ಮಾಡಿದ್ದಾನೆ. ಜ್ವರವೊಂದರಲ್ಲೇ ಚಳಿ ಹಿಡಿಸುವುದು, ಉರಿ ಹತ್ತಿಸುವುದು ಎಂದು ಎರಡು ಬಗೆ ಮಾಡಿ, ಯಾವುದಕ್ಕೆ ನಡುಗಬೇಕು, ಯಾವುದಕ್ಕೆ ಬಟ್ಟೆ ಕಿತ್ತೆಸೆಯಬೇಕು ಎಂಬಷ್ಟು ಸೂಕ್ಷ್ಮಕ್ಕೆ ಇಳಿದವನು ಅವನು. ಆದರೆ ಪಟ್ಟಿಯ ಕೊನೆಯ ಭಾಗವನ್ನು ವಿದ್ವಾಂಸರು ಗಮನಿಸಬೇಕು. ಮೊದಲು ವ್ಯಾಧಿ, ಅದರ ಬೆನ್ನಿಗೆ ಉನ್ಮಾದ, ಆಮೇಲೆ ಮರಣ. ಕಾಯಿಲೆ ಬಿದ್ದವನು ಎದ್ದು ಗೋಡೆ ಹಿಡಿದು ಬಚ್ಚಲಿನ ತನಕ ಹೋಗಿಬರುವ ಸ್ಥಿತಿಗೆ ಇಲ್ಲಿ ಜಾಗವೇ ಇಲ್ಲ. ನಡುವೆ ಉನ್ಮಾದ ಯಾಕೆ ಬಂತೆಂಬುದಕ್ಕೆ ಆಸ್ಪತ್ರೆಯ ಬಿಲ್ಲೇ ಕಾರಣವಿರಬೇಕೆಂದು ನಮ್ಮ ಊಹೆ. ಮುನಿಗಳ ಕಾಲದಲ್ಲಿ ಬಿಲ್ಲು ಎಂದರೆ ಬೇರೆಯೇ ಇತ್ತೆಂಬ ಆಕ್ಷೇಪವನ್ನು ವಿನಯದಿಂದ ಬದಿಗಿಡುತ್ತೇವೆ. ಶಾಸ್ತ್ರದ ಈ ಲೋಪವನ್ನು ತುಂಬಲೆಂದೇ ಪ್ರಸ್ತುತ ಪ್ರಬಂಧ.

ನಮ್ಮಲ್ಲಿ ಗಾಯಾಳುವಿನ ಅಭಿನಯಕ್ಕೆ ಎರಡು ಸಂಪ್ರದಾಯಗಳುಂಟು. ಮೊದಲನೆಯದು ಸಂಜೀವಿನೀ ಸಂಪ್ರದಾಯ. ಬೆಟ್ಟ ಬಂದಿಳಿಯಿತು, ಮೂಲಿಕೆಯ ಗಾಳಿ ಬೀಸಿತು, ಲಕ್ಷ್ಮಣ ಎದ್ದು ಬಿಲ್ಲು ಹಿಡಿದ. ಕನ್ನಡ ಚಲನಚಿತ್ರದ ನಾಯಕರೆಲ್ಲ ಈ ಪೀಠದ ಶಿಷ್ಯರು: ತಾಯಿಯ ಕಣ್ಣೀರು ಕೆನ್ನೆಗೆ ಬಿದ್ದ ಕೂಡಲೇ ಗ್ಲೂಕೋಸ್ ನಳಿಗೆ ಕಿತ್ತೆಸೆದು ಹಸಿರು ಗೌನಿನಲ್ಲೇ ಗೋಡೌನಿಗೆ ಓಡುತ್ತಾರೆ. ಎರಡನೆಯದು ಶರಶಯ್ಯಾ ಸಂಪ್ರದಾಯ. ಭೀಷ್ಮರು ಬಾಣದ ಮೇಲೆ 58 ರಾತ್ರಿ ಮಲಗಿ, ಆ ಸ್ಥಿತಿಯಲ್ಲೇ ಧರ್ಮರಾಯನಿಗೆ ಎರಡು ಪರ್ವಗಳಷ್ಟು ಉಪದೇಶ ಮಾಡಿದರು. ಧಾರಾವಾಹಿಯವರು ಇದನ್ನು ಹಿಡಿದುಕೊಂಡರು. ಅಲ್ಲಿ ಮಲಗಿದವರು ಎದ್ದರೆ ನಿರ್ಮಾಪಕರಿಗೆ ನಷ್ಟ. ಆಮ್ಲಜನಕದ ಮಾಸ್ಕನ್ನು ಒಂದು ಕೈಯಿಂದ ಎತ್ತಿ, ಆಸ್ತಿ ಪತ್ರ ಎಲ್ಲಿದೆ ಎಂಬುದನ್ನು ಬಿಟ್ಟು ಮಿಕ್ಕೆಲ್ಲ ಹೇಳಿ, ಮತ್ತೆ ಮಾಸ್ಕ್ ಇಳಿಸುವುದು ಇದರ ಮುಖ್ಯ ಮುದ್ರೆ.

ಎರಡೂ ಪಂಥಗಳಿಗೆ ಸಮಾನವಾದ ಸೂತ್ರಗಳು: ಪೆಟ್ಟು ಎಲ್ಲೇ ಬೀಳಲಿ, ಪಟ್ಟಿ ಹಣೆಗೇ. ಪಟ್ಟಿಯ ಮೇಲೆ ಒಂದು ರೂಪಾಯಿ ಅಗಲದ ಕೆಂಪು, ಹುಬ್ಬಿನ ನೇರಕ್ಕೆ. ಕುಂಟು ಜಂಗಮ, ಸೋಮವಾರ ಎಡಗಾಲಲ್ಲಿದ್ದದ್ದು ಗುರುವಾರ ಬಲಗಾಲಿಗೆ ದಯಮಾಡಿಸುತ್ತದೆ.

ಕೋಮಾದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ಪ್ರಜ್ಞೆಯನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದರು. ಕಣ್ಣು ತೆರೆಯುವುದಕ್ಕೆ, ಮಾತಿಗೆ, ಕೈಕಾಲಿನ ಚಲನೆಗೆ ಬೇರೆ ಬೇರೆ ಅಂಕ. ಈಗ ಬಳಕೆಯಲ್ಲಿರುವ ಲೆಕ್ಕದಲ್ಲಿ ಪೂರ್ಣಾಂಕ 15, ಕನಿಷ್ಠ 3. ಅಂದರೆ ಏನೊಂದೂ ಮಾಡದೆ ಸುಮ್ಮನೆ ಬಿದ್ದಿದ್ದವರಿಗೂ 3 ಅಂಕ ಗ್ಯಾರಂಟಿ. ನಮ್ಮ ಧಾರಾವಾಹಿಯ ಕೋಮಾ ನಟಿಯರು ಈ ಮೂರನ್ನು ನಿರಾಯಾಸವಾಗಿ ಗಳಿಸುತ್ತಾರೆ; ಕಾಡಿಗೆ, ಮೂಗುಬೊಟ್ಟು, ಹೆಣೆದ ಜಡೆಗೆ ಮಾಪಕದಲ್ಲಿ ಅಂಕವಿಲ್ಲದಿರುವುದು ಸ್ಕಾಟ್ಲೆಂಡಿನವರ ಅರಸಿಕತೆ. ನಿಜವಾದ ವಾರ್ಡಿನಲ್ಲಿ ಮೂಗಿನೊಳಗಿಂದ ಊಟದ ನಳಿಗೆ ಹೋಗಿರುತ್ತದೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಗಂಟಲಿಗೆ ಉಸಿರಿನ ನಳಿಗೆ ಇಳಿಸಿದ್ದರೆ ಅದು ಧ್ವನಿತಂತುಗಳ ನಡುವೆಯೇ ಹಾಯ್ದಿರುವುದರಿಂದ ಮಾತು ಅಸಾಧ್ಯ. ತೆಗೆದ ಮೇಲೂ ಕೆಲವು ದಿನ ಒಡಕು ದನಿಯೇ. ತಿಂಗಳುಗಟ್ಟಲೆ ಮಲಗಿದವರು ಎದ್ದು ಸೀದಾ ಅತ್ತೆಯ ಕೆನ್ನೆಗೆ ಬಾರಿಸುವುದು ಸ್ನಾಯುಶಾಸ್ತ್ರಕ್ಕೆ ಒಗ್ಗದ ಮಾತು. ಮೊದಲ ದಿನ ಕತ್ತು ನಿಲ್ಲಿಸಿದರೆ ಅದೇ ಸಂಚಿಕೆಯ ಕ್ಲೈಮ್ಯಾಕ್ಸ್.

ಇಲ್ಲಿ ಪೂರ್ವಪಕ್ಷದವರು, ಅಂದರೆ ನಿರ್ದೇಶಕರು, ಕೇಳುತ್ತಾರೆ: ತೊಡೆಮೂಳೆ ಕೂಡುವುದಕ್ಕೆ ಮೂರರಿಂದ ಆರು ತಿಂಗಳು ಬೇಕು ಸ್ವಾಮಿ, ಅದನ್ನು ಯಾರು ನೋಡುತ್ತಾರೆ? ಉತ್ತರ: ಮನೆಯವರೆಲ್ಲ ನೋಡಿಯೇ ತೀರಬೇಕು, ಚಾನೆಲ್ ಬದಲಿಸುವ ಸೌಲಭ್ಯ ಅವರಿಗಿಲ್ಲ. ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ ಬಚ್ಚಲಿಗೆ ಬರುತ್ತದೆ. ಪ್ಲಾಸ್ಟರಿನೊಳಗೆ ಎದ್ದ ತುರಿಕೆಗೆ ಮಗಳ ಜ್ಯಾಮಿತಿ ಪೆಟ್ಟಿಗೆಯ ಸ್ಕೇಲು ಕಳುವಾಗುತ್ತದೆ (ವೈದ್ಯರು ಬೇಡವೆಂದಿರುತ್ತಾರೆ, ಸ್ಕೇಲು ಅರ್ಧ ಒಳಗೆ ಹೋದ ಮೇಲೆ ಅದು ನೆನಪಾಗುತ್ತದೆ). ಪ್ಲಾಸ್ಟರ್ ಕತ್ತರಿಸಿದ ದಿನ ಹೊರಬರುವ ಕಾಲು ಬೇರೆ ಯಾರದ್ದೋ: ತೊಡೆ ಸೊರಗಿ, ಚರ್ಮ ಹೊಟ್ಟೆದ್ದು, ಮಂಡಿ ಮಡಚಲು ಒಲ್ಲೆ ಎನ್ನುತ್ತಿರುತ್ತದೆ. ಈ ಕಾಲಿನ ಕ್ಲೋಸಪ್ಪನ್ನು ಯಾವ ಛಾಯಾಗ್ರಾಹಕನೂ ತೆಗೆದುದನ್ನು ನಾವು ಕಾಣೆವು. ಹಣೆಪಟ್ಟಿಗಿಂತ ಖರ್ಚು ಕಡಿಮೆ.

ಇನ್ನು ಊರುಗೋಲಿನ ಪ್ರಕರಣ. ನಟರಲ್ಲಿ ನೂರಕ್ಕೆ ತೊಂಬತ್ತು ಮಂದಿ ನೊಂದ ಕಾಲಿನ ಕಡೆಯೇ ಕೋಲು ಹಿಡಿಯುತ್ತಾರೆಂಬುದು ಸೋಫಾದ ಮೇಲಿಂದ ನಾವು ಕೈಗೊಂಡ ಕ್ಷೇತ್ರಕಾರ್ಯದ ಅಂದಾಜು. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ನೊಂದ ಕಾಲೂ ಕೋಲೂ ಒಟ್ಟಿಗೆ ಮುಂದೆ ಹೋಗಬೇಕು, ಆಗ ಸೊಂಟದ ಮೇಲಿನ ಭಾರ ಹಂಚಿಹೋಗುತ್ತದೆ. ಮೆಟ್ಟಿಲಿಗೆ ಫಿಸಿಯೋಥೆರಪಿಯವರ ಮಂತ್ರವೇ ಇದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಮಹಡಿ ಮೆಟ್ಟಿಲಿಲ್ಲದ ಶ್ರೀಮಂತರ ಬಂಗಲೆ ಧಾರಾವಾಹಿಯಲ್ಲಿ ಎಲ್ಲಿದೆ? ಆದರೂ ಈ ಮಂತ್ರ ಅಲ್ಲಿ ತಲುಪಿಲ್ಲ.

ಪಶ್ಚಿಮದಲ್ಲಿ ಈ ವಿದ್ಯೆ ಗಂಭೀರವಾಗಿ ಬೆಳೆದಿದೆ. ಆರೋಗ್ಯವಂತರಿಗೆ ರೋಗಿಯ ಪಾತ್ರ ಕಲಿಸಿ, ಅವರ ಮೇಲೆ ವೈದ್ಯವಿದ್ಯಾರ್ಥಿಗಳನ್ನು ಪರೀಕ್ಷಿಸುವ ಕ್ರಮವನ್ನು 1963ರಲ್ಲಿ ಲಾಸ್ ಏಂಜಲೀಸಿನ ನರರೋಗತಜ್ಞ ಹೋವರ್ಡ್ ಬ್ಯಾರೋಸ್ ಆರಂಭಿಸಿದರು. ಇಂಥ ನಟರು ಪ್ರತಿ ವಿದ್ಯಾರ್ಥಿಯ ಎದುರೂ ಅದೇ ನೋವನ್ನು ಅದೇ ರೀತಿ ಹೇಳಬೇಕು, ಕೇಳದ್ದನ್ನು ಬಾಯಿಬಿಡಬಾರದು. ಈ ಪದ್ಧತಿಯನ್ನು ನಮ್ಮಲ್ಲಿ ಹಾಗೇ ಇಳಿಸಿದರೆ ವಾಸ್ತವಿಕತೆ ಕೆಡುತ್ತದೆ. ಕನ್ನಡನಾಡಿನ ರೋಗಿ ಸ್ವತಃ ಉತ್ತರಿಸುವುದಿಲ್ಲ. ಎಲ್ಲಿ ನೋವು ಎಂದು ಡಾಕ್ಟರು ಕೇಳಿದರೆ ಪಕ್ಕದಲ್ಲಿ ನಿಂತ ಅತ್ತಿಗೆ, “ರಾತ್ರಿ ಮೊಸರನ್ನ ತಿಂದ್ರು ಡಾಕ್ಟ್ರೇ, ಬೇಡ ಅಂದ್ರೂ ಕೇಳಲ್ಲ” ಎನ್ನುತ್ತಾಳೆ. ಆದ್ದರಿಂದ ರೋಗಿಯ ಪಾತ್ರವೊಂದಕ್ಕೆ ಅತ್ತಿಗೆಯೊಬ್ಬಳನ್ನು ಲಗತ್ತಾಗಿ ಕೊಡುವುದು ಅನಿವಾರ್ಯ.

ಈಗ ಸಿದ್ಧಾಂತ. ಚೇತರಿಸಿಕೊಳ್ಳುತ್ತಿರುವವನೇ ಇಡೀ ದಿನ ನಟಿಸುತ್ತಿರುತ್ತಾನೆ. ನೋಡಲು ಬಂದವರು ಬ್ರೆಡ್ಡು, ಎಳನೀರು ಇಟ್ಟು, ಪುತ್ತೂರಿನ ಕಟ್ಟು ಹಾಕಿಸಬೇಕಿತ್ತು, ಬದನೆಕಾಯಿ ನಂಜು, ನಮ್ಮ ಭಾವನಿಗೂ ಹೀಗೇ ಆಗಿ ಕೊನೆಗೆ ಉಳೀಲಿಲ್ಲ ಎಂದು ಸಮಾಧಾನ ಹೇಳುವಾಗ ಅವನು ದಿಂಬಿಗೊರಗಿ ಕೂತು, “ಪರವಾಗಿಲ್ಲ, ಈಗ ನಡೀತೀನಿ” ಎಂದು ಆರೋಗ್ಯವಂತನ ಪಾತ್ರ ಮಾಡುತ್ತಾನೆ. ಅವರು ಚಪ್ಪಲಿ ಮೆಟ್ಟಿ ಹೋದ ಮೇಲೆ, ಒಣಗಿದ ಬಟ್ಟೆ ಮಡಚಿಡಿ ಎಂದ ಹೆಂಡತಿಯ ಎದುರು ಸೊಂಟ ಹಿಡಿದು ರೋಗಿಯ ಪಾತ್ರಕ್ಕೆ ಇಳಿಯುತ್ತಾನೆ. ಫಿಸಿಯೋದವರು ಬಂದಾಗ ಇನ್ನೊಂದು: ನಿನ್ನೆ ಕೊಟ್ಟ ವ್ಯಾಯಾಮವನ್ನೆಲ್ಲ ಮಾಡಿದವನ ಪಾತ್ರ. ನಿಜವಾದ ನೋವು ಈ ಮೂರು ವೇಷಗಳ ಸಂದಿಯಲ್ಲೆಲ್ಲೋ, ರಾತ್ರಿ ಮಗ್ಗುಲು ಹೊರಳುವಾಗ, ಒಬ್ಬನೇ ಇದ್ದಾಗ ಬರುತ್ತದೆ; ಅದಕ್ಕೆ ಪ್ರೇಕ್ಷಕರಿಲ್ಲ. ಆದ್ದರಿಂದ ನಟನು ಅಭಿನಯಿಸಬೇಕಾದದ್ದು ನೋವನ್ನಲ್ಲ, ನೋವಿರುವವನ ನಟನೆಯನ್ನು.

ಪ್ರಾಯೋಗಿಕ ಪರೀಕ್ಷೆ: ಅಭ್ಯರ್ಥಿಯು ಬೆಳಿಗ್ಗೆ ಡಿಸ್ಚಾರ್ಜ್ ಎಂದು ಹೇಳಿಸಿಕೊಂಡು, ಇನ್ಶೂರೆನ್ಸ್ ಅನುಮತಿ ಬರುವ ಸಂಜೆಯವರೆಗೆ, ಪ್ಯಾಕ್ ಮಾಡಿದ ಚೀಲದ ಪಕ್ಕ, ಸಂಭಾಷಣೆಯಿಲ್ಲದೆ ಕುಳಿತು ತೋರಿಸಬೇಕು. ಹಿನ್ನೆಲೆ ಸಂಗೀತಕ್ಕೆ ಅವಕಾಶವಿಲ್ಲ. ಉತ್ತರಪತ್ರಿಕೆಯೊಂದಿಗೆ ಡಿಸ್ಚಾರ್ಜ್ ಸಮ್ಮರಿಯ ಎರಡು ಜೆರಾಕ್ಸ್ ಪ್ರತಿ ಲಗತ್ತಿಸತಕ್ಕದ್ದು.